ಚಾರಣಕ್ಕೆ ಬೆನ್ನುಚೀಲ: ಹೆಗಲು ನೋಯದಂತೆ ಆರಿಸುವುದು ಹೇಗೆ?

ಅಂಗಡಿಗೆ ಕಾಲಿಟ್ಟ ಕೂಡಲೇ ಕೇಳುವ ಮೊದಲ ಪ್ರಶ್ನೆ: "ಎಷ್ಟು ಲೀಟರ್ ಬೇಕು ಸರ್?" ಲೀಟರ್ ಅಂದರೆ ಚೀಲದೊಳಗೆ ಹಿಡಿಯುವ ಜಾಗದ ಅಳತೆ. ನಾವೂ ಅದನ್ನೇ ಯೋಚಿಸಿಕೊಂಡು ಹೋಗಿರುತ್ತೇವೆ. ನಲವತ್ತೋ ಅರವತ್ತೋ ಎಂದು ತಲೆ ಕೆಡಿಸಿಕೊಂಡು, ಕೊನೆಗೆ ಬಣ್ಣ ಚೆಂದ ಕಂಡದ್ದನ್ನು ಎತ್ತಿಕೊಂಡು ಬರುತ್ತೇವೆ. ಚಪ್ಪಲಿ ಕೊಳ್ಳುವಾಗ ಪಾದದ ಅಳತೆ ನೋಡದೆ ಯಾರೂ ದುಡ್ಡು ಕೊಡುವುದಿಲ್ಲ. ಚೀಲದ ವಿಷಯದಲ್ಲಿ ಮಾತ್ರ ಬೆನ್ನಿನ ಅಳತೆಯನ್ನು ಅಂಗಡಿಯವರೂ ಕೇಳುವುದಿಲ್ಲ, ನಾವೂ ಹೇಳುವುದಿಲ್ಲ. ಕುಮಾರ ಪರ್ವತದ ಏರಿನಲ್ಲಿ ಹೆಗಲು ಉರಿಯುತ್ತದೆ, ಕತ್ತು ಹಿಡಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಭಾರ ಜಾಸ್ತಿಯಾಯಿತು ಅಂದುಕೊಳ್ಳುತ್ತೇವೆ. ಬಹಳ ಸಲ ತಪ್ಪಿರುವುದು ಭಾರವಲ್ಲ, ಅಳತೆ.

ಹಾಗಾಗಿ ಇಲ್ಲಿ ಲೀಟರ್ ಲೆಕ್ಕ ಬೇಗ ಮುಗಿಸಿ, ಬೆನ್ನು ಮತ್ತು ಸೊಂಟದ ವಿಷಯಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ಚೀಲಕ್ಕಿಂತ ಮೊದಲು ಸಾಮಾನು

ಏನೇನು ಹೊರಬೇಕು ಅಂತ ಗೊತ್ತಾಗುವ ಮೊದಲೇ ಚೀಲ ಕೊಂಡರೆ, ಚೀಲ ಇರುವಷ್ಟೂ ತುಂಬುತ್ತೇವೆ. ಜಾಗ ಖಾಲಿ ಬಿಡಲು ನಮಗೆ ಮನಸ್ಸೇ ಬರುವುದಿಲ್ಲ. ಅದಕ್ಕೇ ಮೊದಲು ಸಾಮಾನನ್ನೆಲ್ಲ ನೆಲದ ಮೇಲೆ ಹರಡಿ. ಅಡುಗೆಮನೆಯ ತಕ್ಕಡಿ ಇದ್ದರೆ ತೂಕ ನೋಡಿ.

ಕುದುರೆಮುಖದ ಒಂದು ದಿನದ ಚಾರಣವನ್ನೇ ತೆಗೆದುಕೊಳ್ಳಿ. ಹೋಗಿ ಬರಲು ಸುಮಾರು 20 ಕಿ.ಮೀ. ನಡಿಗೆ. ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಟೆಂಟ್ ಬೇಡ, ಹಾಸಿಗೆ ಬೇಡ. ನೀರು ಎರಡೂವರೆ ಲೀಟರ್, ಅಂದರೆ ಎರಡೂವರೆ ಕೆ.ಜಿ. ಬುತ್ತಿ ಅರ್ಧ ಕೆ.ಜಿ. ಮಳೆಯ ಜಾಕೆಟ್ 350 ಗ್ರಾಂ, ಒಂದು ಜೊತೆ ಬಟ್ಟೆ ಅರ್ಧ ಕೆ.ಜಿ., ಫೋನು ಮತ್ತು ಪವರ್ ಬ್ಯಾಂಕ್ 400 ಗ್ರಾಂ, ಟಾರ್ಚು, ಔಷಧಿ, ಬ್ಯಾಂಡೇಜು ಎಲ್ಲ ಸೇರಿ 300 ಗ್ರಾಂ. ಚೀಲದ್ದೇ ತೂಕ 900 ಗ್ರಾಂ ಅಂತಿಟ್ಟುಕೊಂಡರೂ ಒಟ್ಟು ಐದೂವರೆ ಕೆ.ಜಿ. ದಾಟುವುದಿಲ್ಲ. ಅರ್ಧದಷ್ಟು ತೂಕ ನೀರಿನದೇ, ನಡೆದ ಹಾಗೆ ಇಳಿಯುತ್ತಾ ಹೋಗುತ್ತದೆ.

ಎಷ್ಟು ತೂಕ ಹೊರಬಹುದು? ಚಾರಣಿಗರಲ್ಲಿ ಹಳೆಯ ಲೆಕ್ಕವೊಂದಿದೆ. ಒಂದು ದಿನದ ನಡಿಗೆಗೆ ನಿಮ್ಮ ಮೈತೂಕದ ಹತ್ತರಲ್ಲೊಂದು ಪಾಲು, ಹಲವು ದಿನದ್ದಾದರೆ ಐದರಲ್ಲೊಂದು ಪಾಲು. 60 ಕೆ.ಜಿ. ಇರುವವರಿಗೆ ಆರು ಮತ್ತು ಹನ್ನೆರಡು ಕೆ.ಜಿ. ಇದು ಕಟ್ಟುನಿಟ್ಟಿನ ನಿಯಮವಲ್ಲ. ಆದರೆ ಇದನ್ನು ದಾಟಿದಿರಿ ಅಂದರೆ ದೊಡ್ಡ ಚೀಲ ಹುಡುಕಬೇಡಿ, ಸಾಮಾನು ಕಡಿಮೆ ಮಾಡಿ.

ಹಂತ 2: ಈಗ ಲೀಟರ್

ಒಂದು ದಿನದ ಚಾರಣಕ್ಕೆ 20ರಿಂದ 30 ಲೀಟರ್ ಸಾಕು. ಕುದುರೆಮುಖ, ತಡಿಯಂಡಮೋಳ್, ಮುಳ್ಳಯ್ಯನಗಿರಿ ಎಲ್ಲಕ್ಕೂ ಇದೇ. ಒಂದು ರಾತ್ರಿ ಹೋಮ್‌ಸ್ಟೇಯಲ್ಲಿ ಉಳಿಯುವುದಾದರೆ 35ರಿಂದ 45. ಟೆಂಟ್, ಸ್ಲೀಪಿಂಗ್ ಬ್ಯಾಗ್, ಒಲೆ, ಅಕ್ಕಿ-ಬೇಳೆ ಎಲ್ಲ ನೀವೇ ಹೊತ್ತು ಕಾಡಿನಲ್ಲಿ ನಾಲ್ಕೈದು ದಿನ ಇರುವುದಾದರೆ 55ರಿಂದ 65.

ಹಿಮಾಲಯದ್ದು ಸ್ವಲ್ಪ ಬೇರೆ. ಕೇದಾರಕಂಠ, ಹಮ್ಟಾ ಪಾಸ್ ಮೊದಲಾದ ಕಡೆ ಚಾರಣ ಸಂಸ್ಥೆಗಳ ಜೊತೆ ಹೋದರೆ ಟೆಂಟು, ಸ್ಲೀಪಿಂಗ್ ಬ್ಯಾಗು, ಊಟ ಅವರದೇ. ನಿಮ್ಮದು ಬಟ್ಟೆ ಮಾತ್ರ. ಆದರೆ ಚಳಿಯ ಬಟ್ಟೆ ತೂಕಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ. ಹಾಗಾಗಿ 50 ಲೀಟರ್ ಬೇಕಾಗುತ್ತದೆ. ದೊಡ್ಡ ಚೀಲವನ್ನು ಹೇಸರಗತ್ತೆಯ ಮೇಲೆ ಕಳಿಸುವ ಯೋಚನೆಯಿದ್ದರೆ, ನೀರು ಮತ್ತು ಜಾಕೆಟ್‌ಗೆ ಇನ್ನೊಂದು 20 ಲೀಟರಿನ ಚೀಲ ಬೇಕು. ಇದನ್ನು ಬುಕ್ಕಿಂಗ್ ಮಾಡುವಾಗಲೇ ಯೋಚಿಸಿಕೊಳ್ಳಿ. ಅಲ್ಲಿಗೆ ಹೋದ ಮೇಲೆ ಯೋಚಿಸಿದರೆ ಪರದಾಟ.

ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಕುಕ್ಕೆಗೋ ಕಳಸಕ್ಕೋ ಹೋಗುವವರಿಗೆ ಒಂದು ಕಿವಿಮಾತು. 40 ಲೀಟರ್ ದಾಟಿದ ಚೀಲ ತಲೆಯ ಮೇಲಿನ ಕ್ಯಾರಿಯರ್‌ನಲ್ಲಿ ಕೂರುವುದು ಕಷ್ಟ. ಕಾಲಡಿ ಇಟ್ಟುಕೊಂಡು ಮಂಡಿ ಮಡಚಿ ಕೂತರೆ ನಿದ್ದೆ ಹಾಳು. ಎರಡು ಗಾತ್ರದ ನಡುವೆ ಅನುಮಾನ ಬಂದರೆ ಚಿಕ್ಕದನ್ನೇ ತೆಗೆದುಕೊಳ್ಳಿ ಅನ್ನುವುದು ನನ್ನ ಅಭಿಪ್ರಾಯ.

ಹಂತ 3: ಬೆನ್ನು ಅಳೆಯಿರಿ

ಎತ್ತರದ ಮೇಲೆ ಚೀಲ ಆರಿಸಬಾರದು. ಆರಡಿ ಎತ್ತರದವರ ಬೆನ್ನು ಗಿಡ್ಡಗಿದ್ದು ಕಾಲು ಉದ್ದವಿರಬಹುದು. ಐದೂಕಾಲು ಅಡಿಯವರ ಬೆನ್ನು ಅದಕ್ಕಿಂತ ಉದ್ದವಿರಬಹುದು. ಚೀಲಕ್ಕೆ ಬೇಕಾಗಿರುವುದು ಕತ್ತಿನ ಬುಡದಿಂದ ಸೊಂಟದ ಮೂಳೆಯವರೆಗಿನ ಉದ್ದ ಮಾತ್ರ.

ಇದಕ್ಕೆ ಇನ್ನೊಬ್ಬರ ಸಹಾಯ ಬೇಕು. ಟೈಲರ್ ಟೇಪು ತೆಗೆದುಕೊಳ್ಳಿ. ತಲೆ ಮುಂದಕ್ಕೆ ಬಗ್ಗಿಸಿ. ಕತ್ತು ಮತ್ತು ಬೆನ್ನು ಸೇರುವಲ್ಲಿ ಒಂದು ಮೂಳೆ ಗುಬಟಾಗಿ ಎದ್ದು ಬರುತ್ತದೆ. ಅದು ಕತ್ತಿನ ಏಳನೆಯ ಮೂಳೆ, ಅಳತೆ ಶುರುವಾಗುವುದು ಅಲ್ಲಿಂದ. ಆಮೇಲೆ ಎರಡೂ ಕೈ ಸೊಂಟದ ಮೇಲಿಡಿ. ಬೈಯಲು ನಿಂತವರು ಕೈಯಿಟ್ಟುಕೊಳ್ಳುತ್ತಾರಲ್ಲ, ಹಾಗೆ. ಬೆರಳು ಮುಂದಕ್ಕೆ, ಹೆಬ್ಬೆರಳು ಹಿಂದಕ್ಕೆ. ಅಂಗೈ ಕೆಳಗೆ ಒತ್ತಿದಾಗ ಗಟ್ಟಿಯಾಗಿ ಸಿಗುವ ಅಂಚೇ ಸೊಂಟದ ಮೂಳೆಯ ಮೇಲ್ತುದಿ. ಪ್ಯಾಂಟ್ ಕಟ್ಟುವ ಜಾಗ ಇದಕ್ಕಿಂತ ಕೆಳಗಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಎರಡು ಹೆಬ್ಬೆರಳುಗಳ ನಡುವೆ ಬೆನ್ನಿಗೆ ಅಡ್ಡ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಈಗ ತಲೆ ನೆಟ್ಟಗೆ ಮಾಡಿ ನಿಲ್ಲಿ. ಕತ್ತಿನ ಮೂಳೆಯಿಂದ ಆ ಗೆರೆಯವರೆಗೆ ಬೆನ್ನಿನ ಬಾಗನ್ನು ಅನುಸರಿಸಿ ಟೇಪು ಇಳಿಸಬೇಕು. ಟೇಪನ್ನು ಬಿಗಿಯಾಗಿ ಎಳೆದರೆ ಅಳತೆ ಕಡಿಮೆ ಬರುತ್ತದೆ.

ದೊಡ್ಡವರಲ್ಲಿ ಹೆಚ್ಚಿನವರ ಅಳತೆ 40ರಿಂದ 53 ಸೆಂ.ಮೀ. ಒಳಗೆ ಬರುತ್ತದೆ. ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಸ್ಮಾಲ್ ಆಗಿರಬಹುದು. ಹಾಗಾಗಿ ಅಕ್ಷರ ನೋಡಬೇಡಿ, ಸೆಂಟಿಮೀಟರ್ ನೋಡಿ. ಕೆಲವು ಚೀಲಗಳಲ್ಲಿ ಹೆಗಲ ಪಟ್ಟಿಯನ್ನು ವೆಲ್ಕ್ರೋ ಬಿಚ್ಚಿ ಮೇಲೆ ಕೆಳಗೆ ಮಾಡಬಹುದು. ಮನೆಯಲ್ಲಿ ಇಬ್ಬರು ಮೂವರು ಒಂದೇ ಚೀಲ ಬಳಸುವುದಾದರೆ ಅಂಥದ್ದೇ ಬೇಕು. ಹೆಂಗಸರಿಗೆಂದೇ ಮಾಡಿದ ಚೀಲಗಳಲ್ಲಿ ಬೆನ್ನು ಗಿಡ್ಡ, ಹೆಗಲ ಪಟ್ಟಿಗಳು ಹತ್ತಿರ ಹತ್ತಿರ, ಸೊಂಟದ ಪಟ್ಟಿ ಕೆಳಗೆ ಅಗಲವಾಗುವ ಆಕಾರದಲ್ಲಿರುತ್ತದೆ. ಸಣ್ಣ ಮೈಕಟ್ಟಿನ ಗಂಡಸರಿಗೂ ಇವು ಎಷ್ಟೋ ಸಲ ಸರಿಹೊಂದುತ್ತವೆ. ಗುಲಾಬಿ ಬಣ್ಣದ್ದು ಅಂತ ಸುಮ್ನೆ ಬಿಟ್ಟು ಬರಬೇಡಿ.

ಹಂತ 4: ಸೊಂಟದ ಪಟ್ಟಿ ನಿಜವಾದದ್ದೋ, ತೋರಿಕೆಯದೋ?

ಏಳೆಂಟು ಕೆ.ಜಿ. ದಾಟಿದ ಹೊರೆಯನ್ನು ಹೊರಬೇಕಾದ್ದು ಸೊಂಟ. ಹೆಗಲಿನ ಕೆಲಸ ಚೀಲ ಹಿಂದಕ್ಕೆ ಬೀಳದಂತೆ ಹಿಡಿಯುವುದಷ್ಟೇ. ಸರಿಯಾಗಿ ಕೂತ ಚೀಲದಲ್ಲಿ ಮುಕ್ಕಾಲು ಪಾಲು ತೂಕ ಸೊಂಟದ ಮೂಳೆಯ ಮೇಲೆ ಬೀಳುತ್ತದೆ. ಇದು ಹೊಸ ಉಪಾಯವಲ್ಲ. 1952ರಲ್ಲಿ ಕ್ಯಾಲಿಫೋರ್ನಿಯಾದ ಡಿಕ್ ಕೆಲ್ಟಿ ಸೊಂಟದ ಪಟ್ಟಿಯಿರುವ, ಅಲ್ಯೂಮಿನಿಯಂ ಚೌಕಟ್ಟಿನ ಚೀಲಗಳನ್ನು ಮಾರಲು ತೊಡಗಿದ್ದರು. ಚೌಕಟ್ಟು ಆಗ ಹೊರಗೆ ಕಾಣುವಂತಿತ್ತು. 1967ರಲ್ಲಿ ಗ್ರೆಗ್ ಲೋವ್ ಅದನ್ನು ಚೀಲದ ಒಳಗಿಟ್ಟರು. ಈಗ ನಾವು ಕೊಳ್ಳುವುದೆಲ್ಲ ಹೆಚ್ಚುಕಡಿಮೆ ಆ ಬಗೆಯದೇ.

ಕೆಲಸ ಆಗಬೇಕಾದರೆ ಚೌಕಟ್ಟು ಮತ್ತು ಪಟ್ಟಿ ಒಂದಕ್ಕೊಂದು ಸೇರಿರಬೇಕು. ಆನ್‌ಲೈನಿನಲ್ಲಿ ಸಾವಿರ ರೂಪಾಯಿಗೆ ಸಿಗುವ "60 ಲೀಟರ್ ರಕ್‌ಸ್ಯಾಕ್"ಗಳಲ್ಲಿ ಮೋಸ ಇಲ್ಲೇ ಇರುವುದು. ಚಿತ್ರದಲ್ಲಿ ಎಲ್ಲ ಇರುತ್ತದೆ. ಕೈಗೆ ಬಂದಾಗ ಸೊಂಟದ ಪಟ್ಟಿ ಅಂದರೆ ಎರಡು ಬೆರಳಗಲದ ಲಾಡಿ, ಅದಕ್ಕೊಂದು ಬಕಲ್. ಅದು ಚೀಲ ಅಲ್ಲಾಡದಂತೆ ಕಟ್ಟಿಡುತ್ತದೆ, ತೂಕ ಹೊರುವುದಿಲ್ಲ.

ಪರೀಕ್ಷೆ ಸುಲಭ. ಖಾಲಿ ಚೀಲವನ್ನು ನೆಲದ ಮೇಲೆ ನಿಲ್ಲಿಸಿ, ಬೆನ್ನಿನ ಭಾಗದ ಮೇಲ್ತುದಿಯನ್ನು ಅಂಗೈಯಿಂದ ಕೆಳಕ್ಕೆ ಒತ್ತಿ. ಕುಸಿದು ಮುದ್ದೆಯಾದರೆ ಒಳಗೆ ಚೌಕಟ್ಟಿಲ್ಲ. ಎದುರು ಒತ್ತಿದ ಹಾಗೆ ನಿಂತರೆ ಸರಿ. ಆಮೇಲೆ ಸೊಂಟದ ಪಟ್ಟಿಯ ದಪ್ಪ ಭಾಗವನ್ನು ಹಿಂಡಿ ನೋಡಿ. ದಿಂಬಿನ ಹಾಗೆ ಮೆತ್ತಗಿದ್ದರೆ ಅಂಗಡಿಯಲ್ಲಿ ಹಿತವಾಗಿರುತ್ತದೆ, ಬೆಟ್ಟದಲ್ಲಿ ಹೊರೆ ಬಿದ್ದಾಗ ಅಪ್ಪಚ್ಚಿಯಾಗುತ್ತದೆ. ಸ್ವಲ್ಪ ಬಿರುಸಾದ ಸ್ಪಂಜೇ ಒಳ್ಳೆಯದು. ಪಟ್ಟಿಯ ಎರಡು ಬದಿಯ ದಪ್ಪ ಭಾಗ ಸೊಂಟದ ಮೂಳೆಯನ್ನು ದಾಟಿ ಮುಂದಕ್ಕೆ ಬರಬೇಕು.

20–25 ಲೀಟರಿನ ಚೀಲಕ್ಕೆ ಇಷ್ಟೆಲ್ಲ ಬೇಡ. ಐದಾರು ಕೆ.ಜಿ.ಯನ್ನು ಹೆಗಲೇ ಹೊರುತ್ತದೆ. ಅಲ್ಲಿ ಹೆಗಲ ಪಟ್ಟಿ ಅಗಲವಿದ್ದು, ಎದೆ ಪಟ್ಟಿಯೊಂದಿದ್ದರೆ ಸಾಕು.

ಹಂತ 5: ತೂಕ ತುಂಬಿ ಹಾಕಿ ನೋಡಿ

ಖಾಲಿ ಚೀಲ ಯಾರಿಗೆ ಬೇಕಾದರೂ ಚೆನ್ನಾಗಿಯೇ ಕೂರುತ್ತದೆ. ಅದನ್ನು ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡರೆ ಏನೂ ಗೊತ್ತಾಗುವುದಿಲ್ಲ. ಒಳ್ಳೆಯ ಅಂಗಡಿಯಲ್ಲಿ ತೂಕದ ಮೂಟೆ ಇಟ್ಟಿರುತ್ತಾರೆ, ಕೇಳಿ. ಇಲ್ಲದಿದ್ದರೆ ನಾಲ್ಕಾರು ನೀರಿನ ಬಾಟಲಿ ನೀವೇ ಒಯ್ಯಿರಿ. ಆನ್‌ಲೈನಿನಲ್ಲಿ ತರಿಸಿದ್ದಾದರೆ ಐದು ಕೆ.ಜಿ. ಅಕ್ಕಿ, ಮೂರು ಲೀಟರ್ ನೀರು ಸಾಕು. ಆದರೆ ಅಕ್ಕಿಚೀಲವನ್ನು ಹಾಗೇ ಹಾಕಿದರೆ ತಳಕ್ಕೆ ಹೋಗಿ ಕೂರುತ್ತದೆ. ಕೆಳಗೊಂದು ಹೊದಿಕೆ ತುರುಕಿ, ಅಕ್ಕಿಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬೆನ್ನಿನ ನಡುಮಟ್ಟಕ್ಕೆ ಬರುವಂತೆ ಇಡಿ.

ಈಗ ಕ್ರಮವಾಗಿ ಹೀಗೆ ಮಾಡಿ. ಈ ಕ್ರಮ ಮುಖ್ಯ, ಉಲ್ಟಾ ಮಾಡಿದರೆ ಕೂರುವುದೇ ಬೇರೆ.

1. ಎಲ್ಲ ಪಟ್ಟಿಗಳನ್ನೂ ಸಡಿಲ ಮಾಡಿ, ಚೀಲ ಬೆನ್ನಿಗೆ ಹಾಕಿಕೊಳ್ಳಿ. ಸ್ವಲ್ಪ ಮುಂದಕ್ಕೆ ಬಾಗಿ.

2. ಸೊಂಟದ ಪಟ್ಟಿಯ ನಡುಭಾಗ ಸೊಂಟದ ಮೂಳೆಯ ಮೇಲ್ತುದಿಗೆ ಸರಿಯಾಗಿ ಬರುವಂತೆ ಇಟ್ಟು ಬಕಲ್ ಹಾಕಿ, ಬಿಗಿ ಮಾಡಿ. ಹೊಟ್ಟೆಯ ಮೇಲೆ ಕಟ್ಟಬೇಡಿ, ಉಸಿರಿಗೆ ತೊಂದರೆ. ಹೊಟ್ಟೆ ಸ್ವಲ್ಪ ಮುಂದಿರುವವರು ಬಕಲನ್ನು ಹೊಟ್ಟೆಯ ಕೆಳಗೆ ತಂದುಕೊಳ್ಳಿ, ಹಿಂದೆ ಮತ್ತು ಪಕ್ಕದಲ್ಲಿ ಪಟ್ಟಿ ಮೂಳೆಯ ಮೇಲೇ ಇರಲಿ.

3. ಹೆಗಲ ಪಟ್ಟಿಗಳನ್ನು ಕೆಳಕ್ಕೆ, ಹಿಂದಕ್ಕೆ ಎಳೆಯಿರಿ. ಚೀಲ ಬೆನ್ನಿಗೆ ತಾಗಿದ ಕೂಡಲೇ ನಿಲ್ಲಿಸಿ. ಇನ್ನೂ ಎಳೆದರೆ ಸೊಂಟದ ಮೇಲಿದ್ದ ತೂಕ ಮತ್ತೆ ಹೆಗಲಿಗೆ ಬರುತ್ತದೆ.

4. ಹೆಗಲ ಪಟ್ಟಿಯ ಮೇಲ್ಭಾಗದಿಂದ ಚೀಲದ ತಲೆಗೆ ಹೋಗುವ ಸಣ್ಣ ಪಟ್ಟಿಗಳಿರುತ್ತವೆ. ಇವಕ್ಕೆ ಲೋಡ್ ಲಿಫ್ಟರ್ ಅನ್ನುತ್ತಾರೆ. ಇವನ್ನು ಹಗುರವಾಗಿ ಎಳೆಯಿರಿ. ಹೆಗಲಿನಿಂದ ಮೇಲಕ್ಕೆ ಓರೆಯಾಗಿ, ಸುಮಾರು 45 ಡಿಗ್ರಿಯಲ್ಲಿ ನಿಂತರೆ ಸರಿ.

5. ಎದೆ ಪಟ್ಟಿ ಕೊನೆಗೆ. ಕೊರಳೆಲುಬಿಗಿಂತ ಎರಡು ಮೂರು ಬೆರಳು ಕೆಳಗೆ. ದೀರ್ಘವಾಗಿ ಉಸಿರೆಳೆದಾಗ ಬಿಗಿ ಅನಿಸಬಾರದು.

ಈಗ ಜೊತೆಯವರಿಗೆ ಪಕ್ಕದಿಂದ ನೋಡಲು ಹೇಳಿ. ಹೆಗಲ ಪಟ್ಟಿ ಭುಜವನ್ನು ಸುತ್ತಿ ಹಿಂದಕ್ಕೆ ಹೋಗಬೇಕು, ನಡುವೆ ಸಂದು ಇರಬಾರದು. ಸಂದು ಕಂಡು, ಲೋಡ್ ಲಿಫ್ಟರ್ ಅಡ್ಡಡ್ಡ ಮಲಗಿದ್ದರೆ ಚೀಲದ ಬೆನ್ನು ನಿಮಗೆ ಉದ್ದವಾಯಿತು. ಹೆಗಲ ಪಟ್ಟಿ ಬಿಗಿ ಮಾಡಿದಾಗಲೆಲ್ಲ ಸೊಂಟದ ಪಟ್ಟಿ ಹೊಟ್ಟೆಗೆ ಏರಿ ಬರುತ್ತಿದ್ದರೆ ಗಿಡ್ಡವಾಯಿತು. ಎರಡಕ್ಕೂ ಪಟ್ಟಿ ಎಳೆದಾಡಿ ಪರಿಹಾರವಿಲ್ಲ, ಬೇರೆ ಅಳತೆಯೇ ಬೇಕು.

ಇನ್ನೊಂದು ಸಣ್ಣ ಪರೀಕ್ಷೆ ಇದೆ. ಎಲ್ಲ ಕಟ್ಟಿಕೊಂಡ ಮೇಲೆ ಹೆಗಲ ಪಟ್ಟಿಯನ್ನು ಬೆರಳಿನಿಂದ ಸ್ವಲ್ಪ ಮೇಲೆತ್ತಿ. ಸುಲಭವಾಗಿ ಎದ್ದರೆ ಸೊಂಟ ತನ್ನ ಕೆಲಸ ಮಾಡುತ್ತಿದೆ. ಏಳದೆ ಕಚ್ಚಿ ಹಿಡಿದಿದ್ದರೆ ಹೊರೆ ಇನ್ನೂ ಹೆಗಲ ಮೇಲೇ ಇದೆ, ಮೇಲಿನ ಪಟ್ಟಿ ಕಟ್ಟುವ ಕ್ರಮದ 2ರಿಂದ, ಅಂದರೆ ಸೊಂಟದ ಪಟ್ಟಿಯಿಂದ ಮತ್ತೆ ಶುರು ಮಾಡಿ.

ಇಷ್ಟಾದ ಮೇಲೆ ಅರ್ಧ ಗಂಟೆ ನಡೆಯಿರಿ. ಅಪಾರ್ಟ್‌ಮೆಂಟಿನ ಮೆಟ್ಟಿಲು ಇದಕ್ಕೆ ಹೇಳಿ ಮಾಡಿಸಿದ ಜಾಗ. ಹತ್ತಿ, ಇಳಿಯಿರಿ. ಅಕ್ಕಪಕ್ಕದವರು ಎಲ್ಲಿಗೆ ಹೊರಟಿರಿ ಅಂತ ಕೇಳುತ್ತಾರೆ, ಕೇಳಲಿ. ಹತ್ತುವಾಗ ತಲೆಯೆತ್ತಿ ಮೇಲೆ ನೋಡಿ, ಚೀಲದ ತಲೆ ನಿಮ್ಮ ತಲೆಗೆ ಬಡಿಯಬಾರದು. ಇಳಿಯುವಾಗ ಚೀಲ ಎಡಕ್ಕೆ ಬಲಕ್ಕೆ ತೂಗಬಾರದು. ನೀವು ಚಾರಣಕ್ಕೆ ಹಾಕುವ ಬಟ್ಟೆಯಲ್ಲೇ ಇದನ್ನು ಮಾಡಿ. ಪ್ಯಾಂಟಿನ ಬೆಲ್ಟು, ಸಲ್ವಾರಿನ ಲಾಡಿಯ ಗಂಟು ಸೊಂಟದ ಪಟ್ಟಿಯ ಕೆಳಗೆ ಸಿಕ್ಕಿಕೊಂಡರೆ ನಾಲ್ಕು ಕಿಲೋಮೀಟರಿನಲ್ಲಿ ಚರ್ಮ ಕೆಂಪಾಗುತ್ತದೆ. ಎಲಾಸ್ಟಿಕ್ಕಿನ ಟ್ರ್ಯಾಕ್ ಪ್ಯಾಂಟೇ ವಾಸಿ. ಇದೆಲ್ಲ ಮುಗಿಯುವವರೆಗೆ ಬೆಲೆಯ ಚೀಟಿ ಕಿತ್ತು ಹಾಕಬೇಡಿ, ವಾಪಸ್ ಕೊಡುವಾಗ ಬೇಕಾಗುತ್ತದೆ.

ಹಂತ 6: ಬೆನ್ನಿಗೆ ಜಾಲರಿಯೋ, ಸ್ಪಂಜೋ?

ನಮ್ಮ ಪಶ್ಚಿಮ ಘಟ್ಟದ ಸೆಕೆಯಲ್ಲಿ ಬೆವರು ದೊಡ್ಡ ಸಮಸ್ಯೆ. ಹಾಗಾಗಿ ಬೆನ್ನಿಗೂ ಚೀಲಕ್ಕೂ ನಡುವೆ ಜಾಲರಿ ಬಿಗಿದು ಗಾಳಿ ಆಡುವಂತೆ ಮಾಡಿದ ಚೀಲಗಳನ್ನು ಎಲ್ಲರೂ ಇಷ್ಟಪಡುತ್ತಾರೆ. ಗಾಳಿ ಆಡುವುದು ನಿಜ. ಆದರೆ ಅದೇ ಸಂದಿನಿಂದಾಗಿ ಹೊರೆ ಬೆನ್ನಿನಿಂದ ಸ್ವಲ್ಪ ದೂರ ಹೋಗುತ್ತದೆ, ಹಿಂದಕ್ಕೆ ಎಳೆದಂತಾಗುತ್ತದೆ. ಹತ್ತು ಹನ್ನೆರಡು ಕೆ.ಜಿ.ವರೆಗೆ ಅದು ಗಮನಕ್ಕೆ ಬರುವುದಿಲ್ಲ. ಅದರ ಮೇಲಾದರೆ ಬೆನ್ನಿಗೆ ಅಂಟಿ ಕೂರುವ, ನಡುವೆ ಗಾಳಿಗೆ ಕಾಲುವೆಯಂತೆ ಜಾಗ ಬಿಟ್ಟ ಸ್ಪಂಜಿನದೇ ಸ್ಥಿರ. ಮಳೆಗಾಲದಲ್ಲಂತೂ ಜಾಲರಿಯಿದ್ದರೂ ಒದ್ದೆ, ಇಲ್ಲದಿದ್ದರೂ ಒದ್ದೆ.

ಹಂತ 7: ಜೇಬು, ಜಿಪ್, ಬಟ್ಟೆ

ಪಕ್ಕದ ಜೇಬಿನಲ್ಲಿ ಒಂದು ಲೀಟರ್ ಬಾಟಲಿ ಇಟ್ಟು, ಚೀಲ ಬೆನ್ನ ಮೇಲಿರುವಾಗಲೇ ಕೈ ಹಿಂದೆ ಹಾಕಿ ತೆಗೆಯಿರಿ, ಮತ್ತೆ ಇಡಿ. ತೆಗೆಯಲು ಎಲ್ಲರಿಗೂ ಆಗುತ್ತದೆ, ಇಡಲು ಆಗುವುದಿಲ್ಲ. ಹಾಗಾದರೆ ನಡೆಯುತ್ತಾ ನೀರು ಕುಡಿಯುವುದೇ ಬಿಡುತ್ತೀರಿ. ಕೊಳವೆಯಿರುವ ನೀರಿನ ಚೀಲ ಅನುಕೂಲವೇ, ಆದರೆ ಒಣಗಿಸದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ನನಗಂತೂ ಬಾಟಲಿಯೇ ಸಲೀಸು.

ಬರೀ ಮೇಲಿನಿಂದ ತೆರೆಯುವ ಚೀಲದಲ್ಲಿ ತಳದ ಸಾಮಾನು ಬೇಕೆಂದರೆ ಎಲ್ಲ ಹೊರಗೆ. ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್, ಮದ್ಯ ಇದೆಯೇ ಅಂತ ಚೀಲ ಬಿಚ್ಚಿಸಿ ನೋಡುವುದು ಮಾಮೂಲು. ಮುಂದೆಯೂ ಒಂದು ಜಿಪ್ ಇದ್ದರೆ ಅಲ್ಲಿ ಮಾನ ಉಳಿಯುತ್ತದೆ. ಜಿಪ್ಪನ್ನು ಮೂಲೆಯಲ್ಲಿ ಒಂದೇ ಕೈಯಲ್ಲಿ ಎಳೆದು ನೋಡಿ, ಸಿಕ್ಕಿಕೊಂಡರೆ ಬೇಡ. ಬಟ್ಟೆ 210 ಡೆನಿಯರ್ (ನೂಲಿನ ದಪ್ಪದ ಅಳತೆ) ನೈಲಾನ್ ಆದರೂ ಸಾಕು, ತಳಕ್ಕೆ 400ರ ಆಸುಪಾಸಿನದಿದ್ದರೆ ಬಂಡೆಯ ಮೇಲೆ ಇಟ್ಟು ಎಳೆದರೂ ಬಾಳುತ್ತದೆ. ಒಳಗಿನ ಹೊಲಿಗೆಯನ್ನು ಹೆಗಲ ಪಟ್ಟಿಯ ಬುಡದಲ್ಲಿ ನೋಡಿ. ಚೀಲ ಹರಿಯುವುದು ಯಾವಾಗಲೂ ಅಲ್ಲೇ.

ಹಂತ 8: ಮಳೆ

"ವಾಟರ್‌ಪ್ರೂಫ್" ಅಂತ ಚೀಟಿ ಅಂಟಿಸಿದ್ದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ನಂಬಬೇಡಿ. ಬಟ್ಟೆ ನೀರು ತಡೆದರೂ ಹೊಲಿಗೆ ಮತ್ತು ಜಿಪ್ಪಿನಿಂದ ಒಳಗಿಳಿಯುತ್ತದೆ. ಚೀಲದ ಜೊತೆ ಬರುವ ಮಳೆ ಕವರ್ ಕೂಡ ಹೊರಭಾಗವನ್ನಷ್ಟೇ ಮುಚ್ಚುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನಿನ ಕಡೆಯಿಂದ ಒಳಗೆ ಹೋಗುತ್ತದೆ, ಕವರಿನ ತಳದಲ್ಲಿ ನಿಂತು ಅಲ್ಲಿಂದಲೂ ನೆನೆಸುತ್ತದೆ. ಕುದುರೆಮುಖದ ಗಾಳಿಗೆ ಕವರೇ ಹಾರಿಹೋಗುವುದೂ ಉಂಟು.

ಖಾತ್ರಿಯ ಉಪಾಯ ಒಳಗಿನಿಂದ ಮಾಡುವುದು. ಚೀಲದೊಳಗೆ ದಪ್ಪ ಪಾಲಿಥಿನ್ ಚೀಲವೊಂದನ್ನು ಹರಡಿ, ಸಾಮಾನೆಲ್ಲ ಅದರೊಳಗೆ ತುಂಬಿ, ಬಾಯಿ ಎರಡು ಮೂರು ಸುತ್ತು ತಿರುಚಿ ಕಟ್ಟಿ. ಹಾಗೇ ವಾಪಸ್ ತನ್ನಿ, ಮುಂದಿನ ಸಲವೂ ಬಳಸಿ. ಕವರ್ ಹಾಕಿದರೂ ಇದು ಇರಲಿ.

ತುಂಬುವುದು, ಕೊಳ್ಳುವುದು

ತುಂಬುವ ಕ್ರಮ ಎರಡೇ ಮಾತು. ರಾತ್ರಿಗೆ ಮಾತ್ರ ಬೇಕಾದ ಹಗುರ ಸಾಮಾನು ತಳಕ್ಕೆ, ಭಾರದ್ದೆಲ್ಲ ಬೆನ್ನಿಗೆ ಒತ್ತಿ ನಡುಮಟ್ಟದಲ್ಲಿ. ಮಳೆಯ ಜಾಕೆಟ್ ಮಾತ್ರ ಎಲ್ಲಕ್ಕಿಂತ ಮೇಲಿರಲಿ.

ದುಡ್ಡಿನ ವಿಷಯ. ವಿದೇಶಿ ಕಂಪನಿಗಳ ದೊಡ್ಡ ಚೀಲಗಳ ಬೆಲೆ ಹದಿನೈದು ಸಾವಿರ ದಾಟುತ್ತದೆ. ವರ್ಷಕ್ಕೊಂದು ಎರಡು ಚಾರಣ ಮಾಡುವವರಿಗೆ ಅದು ಬೇಕಿಲ್ಲ. ಡೆಕಾಥ್ಲಾನ್, ಬೆಂಗಳೂರಿನದೇ ಆದ ವೈಲ್ಡ್‌ಕ್ರಾಫ್ಟ್ ಮೊದಲಾದವುಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆಗೆ ಚೌಕಟ್ಟಿರುವ ಚೀಲಗಳು ಸಿಗುತ್ತವೆ. ಅವಕ್ಕೂ ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಿಯೇ ಕೊಳ್ಳಿ. ಹಿಮಾಲಯಕ್ಕೆ ಒಮ್ಮೆ ಮಾತ್ರ ಹೋಗುವವರು ಬಾಡಿಗೆಗೆ ತರುವುದು ಜಾಣತನ. ಆದರೆ ಚಾರಣದ ಬುಡದ ಹಳ್ಳಿಗೆ ಹೋಗಿ ಬಾಡಿಗೆ ಕೇಳಿದರೆ ಸಿಕ್ಕಿದ ಅಳತೆಯನ್ನೇ ಒಪ್ಪಿಕೊಳ್ಳಬೇಕು. ಊರಿನಲ್ಲೇ ತೆಗೆದುಕೊಂಡರೆ ಅಕ್ಕಿ ತುಂಬಿ ಮೆಟ್ಟಿಲು ಹತ್ತಿ ನೋಡಲು ಸಮಯವಿರುತ್ತದೆ.

ಮನೆಗೆ ಬಂದ ಮೇಲೆ

ಮಳೆಗಾಲದ ಚಾರಣ ಮುಗಿಸಿ ಬಂದ ಚೀಲವನ್ನು ಒಳಗೆ ತರುವ ಮೊದಲು ಎಲ್ಲ ಜಿಪ್ ತೆರೆದು, ಜಾಲರಿಯ ಸಂದು, ಪಟ್ಟಿಗಳ ಮಡಿಕೆ ಎಲ್ಲ ಕೊಡವಿ. ಇಂಬಳಗಳು ಅಲ್ಲಿ ಕೂತು ಮನೆಯವರೆಗೆ ಬರುತ್ತವೆ. ವಾಷಿಂಗ್ ಮಷೀನಿಗೆ ಹಾಕಬೇಡಿ, ಒಳಗಿನ ಲೇಪ ಕಿತ್ತುಬರುತ್ತದೆ. ಉಗುರು ಬೆಚ್ಚಗಿನ ನೀರು, ಸ್ವಲ್ಪ ಸೌಮ್ಯವಾದ ಸೋಪು, ಹಳೆಯ ಟೂತ್‌ಬ್ರಷ್ ಸಾಕು. ಬೆವರಿನ ಉಪ್ಪು ಕೂತಿರುವುದು ಹೆಗಲ ಮತ್ತು ಸೊಂಟದ ಪಟ್ಟಿಯಲ್ಲಿ, ಅಲ್ಲಿ ಚೆನ್ನಾಗಿ ಉಜ್ಜಿ. ತಲೆಕೆಳಗು ಮಾಡಿ ನೆರಳಿನಲ್ಲಿ ಒಣಹಾಕಿ.

ಕರಾವಳಿ, ಮಲೆನಾಡಿನವರು ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅಟ್ಟಕ್ಕೆ ಹಾಕಬಾರದು. ತೇವ ಒಳಗೇ ನಿಂತರೆ ಒಂದೆರಡು ಮಳೆಗಾಲದಲ್ಲಿ ಒಳಲೇಪ ಅಂಟಂಟಾಗಿ, ಪುಡಿಪುಡಿಯಾಗಿ ಉದುರುತ್ತದೆ, ಅದಕ್ಕೆ ರಿಪೇರಿಯೂ ಇಲ್ಲ. ಜಿಪ್ ತೆರೆದಿಟ್ಟು, ಗಾಳಿಯಾಡುವ ಕಡೆ ಮೊಳೆಗೆ ನೇತುಹಾಕಿ. ಮೇಲಿನ ಕೈಪಟ್ಟಿಯಿಂದ ನೇತುಹಾಕಬೇಕು, ಹೆಗಲ ಪಟ್ಟಿಯಿಂದಲ್ಲ.